ಅಟ್ಟಿಯ ನಡುವಿನ ಮೂಟೆ

ಸೆಮರಾಂಗ್ ಬಂದರಿನ ಹಿಂದಿನ ಗಲ್ಲಿಗಳಿಗೆ ನಸುಕಿನಲ್ಲಿ ಸಮುದ್ರದ ನೀರು ಹೇಳದೆ ಕೇಳದೆ ಬಂದುಹೋಗುತ್ತದೆ. ಇವತ್ತೂ ಬಂದಿದೆ, ಪಾದ ಮುಳುಗುವಷ್ಟು. ಉಪವಾಸದ ತಿಂಗಳಾದ್ದರಿಂದ ಊರು ಕತ್ತಲಿರುವಾಗಲೇ ಎದ್ದು ಉಂಡು, ಪ್ರಾರ್ಥನೆ ಮುಗಿಸಿ, ಇನ್ನೊಂದು ಸುತ್ತು ನಿದ್ದೆಗೆ ಜಾರಿದೆ. ಲವಂಗದ ಗೋದಾಮಿನ ಮುಚ್ಚಿದ ಬಾಗಿಲ ಮುಂದೆ ಮಾತ್ರ ಒಬ್ಬ ಹೆಂಗಸು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ನೀರಿನಲ್ಲಿ ನಿಂತಿದ್ದಾರೆ. ಕೈಯಲ್ಲಿ ಟಾರ್ಚು, ಹೆಗಲಲ್ಲಿ ಬಟ್ಟೆಯ ಚೀಲ. ದಾರಿಹೋಕರು ನೋಡಿದರೆ ಮೀನು ಕೊಳ್ಳಲು ಬಂದವರು ಅಂದುಕೊಳ್ಳಬೇಕು. ಇವರು ವಿನಾರ್ಸಿ, ವಯಸ್ಸು ನಲವತ್ತಾರು, ಕೆಲಸ ಆಡಿಟ್.

ಬೀಗದ ಕೈ ಬರುವುದಕ್ಕೆ ಇನ್ನೂ ಹೊತ್ತಿದೆ. ಅದಕ್ಕೆ ಮೊದಲೇ ತಾವು ಬಂದಿರಬೇಕು ಎನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. "ಮಾಲೀಕರು ಒಂದೇ ಮಾಲನ್ನ ಈ ಗೋದಾಮಲ್ಲಿ ಎಣಿಸಿ, ನಾವು ಆ ಕಡೆ ಚಹಾ ಕುಡಿಯೋಷ್ಟರಲ್ಲಿ ಹಿತ್ತಲ ಬಾಗಿಲಿಂದ ಇನ್ನೊಂದು ಗೋದಾಮಿಗೆ ಸಾಗಿಸಿ, ಅಲ್ಲೂ ಎಣಿಸಿಬಿಡ್ತಾರೆ. ಹಾಗಂತ ಎಲ್ಲರೂ ಮಾಡ್ತಾರೆ ಅಂತಲ್ಲ. ಮಾಡೋಕೆ ಅವಕಾಶ ಇರಬಾರದು, ಅಷ್ಟೇ" ಎನ್ನುತ್ತಾ ಅವರು ಹಿತ್ತಲ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಅಡ್ಡಡ್ಡ ಸಹಿ ಹಾಕುತ್ತಾರೆ. ಎಣಿಸಿದ ಮೂಟೆಗೆ ಗುರುತು ಮಾಡಲು ಚೀಲದಲ್ಲಿ ಸೀಮೆಸುಣ್ಣವಿದೆ. ಅದರ ಬಣ್ಣ ಯಾವುದೆಂದು ಬಾಗಿಲು ತೆರೆಯುವವರೆಗೆ ಯಾರಿಗೂ ತೋರಿಸುವುದಿಲ್ಲ. ಉಪವಾಸದ ತಿಂಗಳು ಈ ಕೆಲಸಕ್ಕೆ ಒಂದು ರೀತಿಯಲ್ಲಿ ಸಲೀಸು, ಯಾರೂ ಚಹಾ ತಂದುಕೊಟ್ಟು ಮುಲಾಜಿಗೆ ಸಿಕ್ಕಿಸುವುದಿಲ್ಲ ಎಂದು ನಗುತ್ತಾರೆ.

ಆ ನಗು ಗಲ್ಲಿಯ ತಿರುವಿನಲ್ಲಿ ಹಮಾಲರ ಗುಂಪು ಕಾಣಿಸುವವರೆಗೆ ಇರುತ್ತದೆ. ಏಳೆಂಟು ಜನ, ಪ್ಯಾಂಟು ಮಡಿಚಿಕೊಂಡು ನೀರು ಚಿಮ್ಮಿಸುತ್ತಾ ಬರುತ್ತಿದ್ದಾರೆ. ಮುಂದಿರುವವರು ಬೆಳ್ಳಿಕೂದಲಿನ ಮುದುಕರು, ಬಲಗಾಲು ಸ್ವಲ್ಪ ಎಳೆಯುತ್ತಿದೆ, ಹೆಗಲ ಮೇಲೆ ಮೂಟೆ ಹೊರುವ ಮಾಸಲು ಬಟ್ಟೆ. ಹಮಾಲರ ಮೇಸ್ತ್ರಿ ಸುರತ್ಮಿನ್. ಬಂದರಿಗೆಲ್ಲ ಪಾಕ್ ಮಿನ್. ಇಲ್ಲಿ ಗಂಡಸರಿಗೆ ಮರ್ಯಾದೆಯಿಂದ ಪಾಕ್ ಎನ್ನುತ್ತಾರೆ, ಹೆಂಗಸರಿಗೆ ಬು. ಅವರನ್ನು ನೋಡಿದ್ದೇ ವಿನಾರ್ಸಿ ಟಾರ್ಚು ಆರಿಸಿ, ಅಂಟಿಸಿ ಮುಗಿದ ಕಾಗದದ ಪಟ್ಟಿಯನ್ನು ಮತ್ತೆ ಉಜ್ಜಲು ನಿಲ್ಲುತ್ತಾರೆ. ಈ ಮುಖವನ್ನು ಎದುರಿಸಬಾರದೆಂದೇ ಹತ್ತು ವರ್ಷದಿಂದ ಅವರು ಬಂದರಿನ ಪಶ್ಚಿಮದ ಕೆಲಸಗಳನ್ನೆಲ್ಲ ಬೇರೆಯವರಿಗೆ ದಾಟಿಸುತ್ತಾ ಬಂದಿದ್ದರು. ಈ ಗೋದಾಮು ಪೂರ್ವದ್ದು. ಹಮಾಲರಿಗೆ ಪೂರ್ವ ಪಶ್ಚಿಮ ಇಲ್ಲ, ಕೂಲಿ ಕರೆದಲ್ಲಿಗೆ ಬರುತ್ತಾರೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

"ಚೆನ್ನಾಗಿದೀರಾ ಬು?" ಎನ್ನುತ್ತಾರೆ ಪಾಕ್ ಮಿನ್, ಬಾಗಿ, ಎರಡೂ ಕೈ ಮುಂದೆ ಮಾಡಿ. ವಿನಾರ್ಸಿಯ ಬೆರಳಿಗೆ ಬೆರಳು ತಾಗಿಸಿ ಎದೆ ಮುಟ್ಟಿಕೊಳ್ಳುತ್ತಾರೆ.

ವಿನಾರ್ಸಿ "ಹ್ಞೂ ಪಾಕ್" ಎಂದಿಷ್ಟೇ ಹೇಳುತ್ತಾರೆ. ಆಮೇಲೆ ಈ ಗಳಿಗೆಯ ಬಗ್ಗೆ ಕೇಳಿದಾಗ ಅವರ ಉತ್ತರ ಇದು: "ಬೈದಿದ್ರೆ ಚೆನ್ನಾಗಿತ್ತು. ಉಗಿದಿದ್ರೂ ಒರೆಸ್ಕೊಳ್ತಿದ್ದೆ. ಆ ಮರ್ಯಾದೆ ಇದೆಯಲ್ಲ, ಅದನ್ನ ತಡ್ಕೊಳ್ಳೋಕಾಗಲಿಲ್ಲ. ನಿಂತ ನೀರು ಇನ್ನೂ ಸ್ವಲ್ಪ ಆಳ ಇರಬಾರದಿತ್ತಾ ಅನ್ನಿಸ್ತು."

*

ಕೆಂಡಲ್ ಊರಿನ ಮಸೀದಿ ಬೀದಿಯ ದರ್ಜಿಯ ಮಗಳು ವಿನಾರ್ಸಿ. ಪಾಲಿಟೆಕ್ನಿಕ್‌ನಲ್ಲಿ ಲೆಕ್ಕಶಾಸ್ತ್ರದ ಡಿಪ್ಲೊಮಾ ಮುಗಿಸಿದವರೇ ಪಾಕ್ ಹೆಂದಾರ್ತೋ ಎಂಬ ಆಡಿಟರ ಸಣ್ಣ ಕಚೇರಿಗೆ ಸೇರಿದರು. ಇಪ್ಪತ್ತೆರಡು ವರ್ಷವಾಯಿತು, ಅಲ್ಲೇ ಇದ್ದಾರೆ. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಸಿಗಡಿ ಕಾರ್ಖಾನೆಯ ಮೈನಸ್ ಚಳಿಯ ಕೋಣೆ, ಎಣ್ಣೆ ಟ್ಯಾಂಕಿನ ನೆತ್ತಿ, ಹೀಗೆ ಮಾಲೀಕರು "ಇದೆ" ಎಂದು ಬರೆದುಕೊಟ್ಟದ್ದು ನಿಜಕ್ಕೂ ಇದೆಯೇ ಎಂದು ನೋಡಿಬರುವುದು ಅವರ ಪಾಲಿನ ಕೆಲಸ. ಎಲ್ಲ ಮುಗಿದ ಮೇಲೆ ಹೊರಬೀಳುವ ಎರಡು ಹಾಳೆಯ ವರದಿಯಲ್ಲಿ ಅವರ ಹೆಸರು ಇರುವುದಿಲ್ಲ. ಅಲ್ಲಿರುವುದು ಪಾಕ್ ಹೆಂದಾರ್ತೋ ಸಹಿ. ಆ ಸಹಿಯನ್ನು ನೋಡಿ ಬ್ಯಾಂಕು ಸಾಲ ಕೊಡುತ್ತದೆ, ಷೇರುದಾರರು ನಿದ್ದೆ ಮಾಡುತ್ತಾರೆ. ಬೂಟು ಒದ್ದೆಯಾದದ್ದು ಯಾರದೆಂದು ಯಾರೂ ಕೇಳುವುದಿಲ್ಲ.

"ಜನ ನಮ್ಮನ್ನ ಪೊಲೀಸ್ ಅಂದ್ಕೊಳ್ತಾರೆ, ಇಲ್ಲಾ ದೇವರು ಅಂದ್ಕೊಳ್ತಾರೆ. ಎರಡೂ ಅಲ್ಲ" ಎನ್ನುತ್ತಾರೆ ಅವರು. "ಲೆಕ್ಕ ಬರೆಯೋದು ಮಾಲೀಕರ ಹೊಣೆ. ಅದನ್ನ ನಂಬಬಹುದಾ ಅಂತ ಹೇಳೋದು ನಮ್ಮ ಹೊಣೆ. ಪ್ರತಿ ಮೂಟೆ ಬಿಚ್ಚಿ ನೋಡೋಕಾಗಲ್ಲ, ನೋಡ್ತೀವಿ ಅಂತ ನಾವು ಯಾರಿಗೂ ಮಾತು ಕೊಟ್ಟಿಲ್ಲ. ಆದ್ರೆ ಯಾವ ಮೂಟೆ ಬಿಚ್ಚಿಸ್ತೀವಿ ಅನ್ನೋದು ಅವರಿಗೆ ಮುಂಚೆ ಗೊತ್ತಾಗಬಾರದು. ಎದುರಿಗಿರೋರು ಕಳ್ಳರು ಅಂತ ಅಂದ್ಕೊಂಡು ಹೋಗಬಾರದು. ಸಾಚಾ ಅಂತಾನೂ ಅಂದ್ಕೊಂಡು ಹೋಗಬಾರದು. ಮನಸ್ಸು ಆ ಎರಡರ ಮಧ್ಯೆ ನಿಂತಿರಬೇಕು. ಹೇಳೋದು ಸುಲಭ, ಒಂದು ದಿನ ನಿಂತು ನೋಡಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಗಾದೆಯಿದೆ. ಜಾವಾದಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಕಷ್ಟದ ಮಾತು ಬೇರೆ ಇರಲಾರದು. ಇಲ್ಲಿ ಹಿರಿಯರ ಮಾತನ್ನು ಒರೆಗೆ ಹಚ್ಚುವುದೆಂದರೆ ಅವರ ಮುಖಕ್ಕೆ ಮಸಿ ಬಳಿದಂತೆ. "ತೋರಿಸಿ" ಎನ್ನುವ ಒಂದು ಶಬ್ದ ಗಂಟಲು ದಾಟುವಷ್ಟರಲ್ಲಿ ಹೇಳುವವರ ಕಿವಿಯೇ ಬಿಸಿಯಾಗಿರುತ್ತದೆ. ದಾಕ್ಷಿಣ್ಯವನ್ನು ತಾಯಿಯ ಹಾಲಿನೊಂದಿಗೆ ಕುಡಿದವರ ನಾಡಿದು. ಆ ನಾಡಿನಲ್ಲಿ ದಾಕ್ಷಿಣ್ಯ ಬಿಟ್ಟು ಬದುಕಬೇಕಾದ ಕಸುಬು ವಿನಾರ್ಸಿಯದು. ಮನೆಯಲ್ಲಿ ಗಂಡ ಅನ್ನ ಬಡಿಸುವಾಗಲೂ, "ತಳದ್ದೂ ಅನ್ನವೇ, ಬೇಕಿದ್ರೆ ಸೌಟು ಹಾಕಿ ನೋಡ್ಕೋ" ಎಂದು ಕೀಟಲೆ ಮಾಡುತ್ತಾನಂತೆ. ಆತನ ಕೀಟಲೆಯ ಹಿಂದೆ ಹತ್ತು ವರ್ಷದ ಒಂದು ಗಾಯವಿದೆ. ಅದು ಆತನಿಗೂ ಗೊತ್ತು.

*

ಆ ವರ್ಷ ಉಪವಾಸದ ತಿಂಗಳು ಜೂನ್‌ನಲ್ಲಿ ಬಂದಿತ್ತು. ಹಾಜಿ ಮುಸ್ತಕಿಮ್ ಎಂಬ ಲವಂಗದ ವ್ಯಾಪಾರಿಯ ಲೆಕ್ಕದ ವರ್ಷವೂ ಜೂನ್‌ಗೇ ಮುಗಿಯುತ್ತಿತ್ತು. ಹಾಜಿ ಎಂದರೆ ಸಾಮಾನ್ಯರಲ್ಲ. ಕೆಂಡಲ್ ಮಸೀದಿಗೆ ಹೆಂಚು ಹೊದಿಸಿದವರು, ವಿನಾರ್ಸಿಯ ಅಪ್ಪನಿಂದ ಬಟ್ಟೆ ಹೊಲಿಸಿಕೊಂಡವರು. ಉಪವಾಸ ಮುಗಿಯುವ ಲೆಬರಾನ್ ಹಬ್ಬದ ಬೆಳಿಗ್ಗೆ ಪುಟ್ಟ ವಿನಾರ್ಸಿಯನ್ನು ಅಪ್ಪ ಅವರ ಮನೆಗೆ ಕರೆದುಕೊಂಡು ಹೋಗಿ, ಕ್ಷಮೆ ಕೇಳಿಸಿ, ಮಂಡಿಗೆ ಹಣೆ ಹಚ್ಚಿಸುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೋದಾಮಿನಲ್ಲಿ ಹೊರಸಾಲಿನ ಮೂಟೆಗಳನ್ನೆಲ್ಲ ಎಣಿಸಿ ಆಗಿತ್ತು. ಉದ್ದ, ಅಗಲ, ಎತ್ತರ ಗುಣಿಸಿದರೆ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಉಳಿದದ್ದು ಒಂದೇ, ಅಟ್ಟಿಯ ನಡುವಿನಿಂದ ಕೆಲವು ಮೂಟೆ ಹೊರಗೆ ತೆಗೆಸಿ ನೋಡುವುದು. ಹಮಾಲರು ಗೋಡೆಗೆ ಒರಗಿ ಕೂತಿದ್ದರು. ನಸುಕಿನಿಂದ ಹನಿ ನೀರು ಮುಟ್ಟಿರಲಿಲ್ಲ, ತುಟಿ ಒಡೆದು ಬಿಳಿಚಿತ್ತು. ವಿನಾರ್ಸಿಯದೂ ಅದೇ ಸ್ಥಿತಿ. ಆಗ ಹಾಜಿ ತಾವಾಗಿಯೇ ಬಂದು ಪಕ್ಕದಲ್ಲಿ ನಿಂತರು.

"ಮಗಳೇ, ನಿನ್ನ ಕೆಲಸ ನೀನು ಮಾಡು. ಒಳಗಿನ ಮೂಟೆ ನೋಡ್ಬೇಕಾ? ಒಂದು ಮಾತು ಹೇಳು, ಈಗಲೇ ಇಳಿಸ್ತಾರೆ. ಪಾಪ, ಎಲ್ಲರದೂ ಉಪವಾಸ. ಆದ್ರೂ ನೀನು ಹೇಳಿದ್ರೆ ಇಲ್ಲ ಅನ್ನಲ್ಲ."

ಬೇಡ ಎಂದಿದ್ದರೆ ಅನುಮಾನ ಬರುತ್ತಿತ್ತು. ಹಾಜಿ ಬೇಡ ಎನ್ನಲಿಲ್ಲ, ಬೇಡ ಎನ್ನುವ ಕೆಲಸವನ್ನು ಆಕೆಗೇ ಬಿಟ್ಟರು. ವಿನಾರ್ಸಿ ಹಮಾಲರನ್ನು ನೋಡಿದರು. ಹಮಾಲರೂ ಆಕೆಯನ್ನೇ ನೋಡುತ್ತಿದ್ದರು. ಅವರ ಮೇಸ್ತ್ರಿ ಪಾಕ್ ಮಿನ್ ಅರ್ಧ ಎದ್ದಿದ್ದರು, ಕೈ ಮಂಡಿಯ ಮೇಲಿತ್ತು.

"ಬೇಡ ಪಾಕ್ ಹಾಜಿ, ಸಾಕು" ಎಂದರು ವಿನಾರ್ಸಿ.

"ಮೇಸ್ತ್ರಿ ಮತ್ತೆ ಕೂತ್ಕೊಂಡ್ರು. ಅವರ ಕಣ್ಣಲ್ಲಿ ಏನೋ ಇತ್ತು. ಉಪಕಾರ ಮಾಡಿದೆ ತಾಯಿ ಅಂತಿದಾರೆ ಅಂದ್ಕೊಂಡೆ. ಅವತ್ತು ಸಂಜೆ ಉಪವಾಸ ಬಿಡುವಾಗ ಖರ್ಜೂರ ಬಾಯಿಗಿಟ್ಟುಕೊಂಡು, ಇವತ್ತು ನಾಲ್ಕು ಜನರ ಬೆನ್ನು ಉಳಿಸಿದೆ ಅಂತ ಹೆಮ್ಮೆಪಟ್ಟೆ. ಆ ಹೆಮ್ಮೆ ನೆನೆಸ್ಕೊಂಡ್ರೆ ಈಗ್ಲೂ ಮೈ ಹಿಡಿಯಾಗುತ್ತೆ." ಇಷ್ಟು ಹೇಳಿ ಅವರು ಮುಖ ಆ ಕಡೆ ತಿರುಗಿಸುತ್ತಾರೆ.

ವರದಿ ಹೊರಬಿತ್ತು. ಲೆಕ್ಕ ನಂಬಲರ್ಹ ಎಂದು ಅದರಲ್ಲಿತ್ತು. ಬ್ಯಾಂಕು ಸಾಲ ಹೆಚ್ಚಿಸಿತು. ಮುಂದಿನ ಉಪವಾಸದ ತಿಂಗಳು ಬರುವ ಮೊದಲೇ ಹಾಜಿ ಊರು ಬಿಟ್ಟಿದ್ದರು. ಬ್ಯಾಂಕಿನವರು ಬಂದು ಅಟ್ಟಿ ಕೀಳಿಸಿದಾಗ ಎರಡು ಸಾಲಿನ ಹಿಂದೆ ಮೂಟೆಯೇ ಇರಲಿಲ್ಲ. ಬಿದಿರಿನ ಅಟ್ಟಣೆ ಕಟ್ಟಿ, ನೆತ್ತಿಯ ಮೇಲೆ ಒಂದು ಪದರ ಮೂಟೆ ಹಾಸಲಾಗಿತ್ತು. ಒಳಗೆ ಬರೀ ಗಾಳಿ, ಲವಂಗದ ವಾಸನೆ. ಬ್ಯಾಂಕು ತಡೆದುಕೊಂಡಿತು, ಬ್ಯಾಂಕುಗಳು ತಡೆದುಕೊಳ್ಳುತ್ತವೆ. ಹಾಜಿಯ ಕಂಪನಿಯ ನೌಕರರ ಸಹಕಾರಿ ಸಂಘದಲ್ಲಿ ಹಮಾಲರು ವಾರವಾರ ಕಟ್ಟಿದ್ದ ಉಳಿತಾಯವೂ ಅದರ ಜೊತೆಗೇ ಹೋಯಿತು. ಪಾಕ್ ಮಿನ್ ತಮ್ಮ ಮನೆಯ ಮುಂದೆ ಹೆಂಡತಿಗೊಂದು ತಿಂಡಿ ಅಂಗಡಿ ಹಾಕಿಕೊಟ್ಟು, ಮೂಟೆ ಹೊರುವುದನ್ನು ಬಿಡಬೇಕೆಂದಿದ್ದರು. ಮಂಡಿ ಆಗಲೇ ಸವೆದಿತ್ತು. ಅಂಗಡಿ ಏಳಲಿಲ್ಲ. ಅವರು ಇವತ್ತಿಗೂ ಹೊರುತ್ತಿದ್ದಾರೆ.

ವಿಚಾರಣೆಯಲ್ಲಿ ಪಾಕ್ ಹೆಂದಾರ್ತೋ ಅವರ ಪರವಾನಗಿ ಒಂದು ವರ್ಷ ಅಮಾನತಾಯಿತು. ಕಚೇರಿಯ ಬೋರ್ಡು ಇಳಿಸುವ ದಿನ ಅವರು ವಿನಾರ್ಸಿಗೆ ಹೇಳಿದ್ದು ಒಂದೇ ಮಾತು. "ಸಹಿ ನಂದು ವಿನ್, ಕಣ್ಣು ನಿಂದು. ಇಬ್ಬರೂ ಕುರುಡರಾದ್ವಿ." ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಅದೂ ಸಲೀಸಾಗುತ್ತಿತ್ತು ಎನ್ನುತ್ತಾರೆ ವಿನಾರ್ಸಿ. ಆಡಿಟರ ಪರೀಕ್ಷೆಗೆ ಓದುತ್ತಿದ್ದವರು ಪುಸ್ತಕ ಮುಚ್ಚಿಟ್ಟರು. ತಮ್ಮ ಹೆಸರಿನಲ್ಲಿ ಸಹಿ ಹಾಕುವ ಯೋಗ್ಯತೆ ತಮಗಿಲ್ಲ ಎಂದು ಅವರು ತೀರ್ಮಾನಿಸಿ ಬಹಳ ಕಾಲವಾಯಿತು.

ಕಳ್ಳತನ ಹಾಜಿಯದು ಎಂದು ಗಂಡ, ಅಕ್ಕ, ಎದುರುಮನೆಯವರು ಎಲ್ಲರೂ ಸಮಾಧಾನ ಹೇಳಿದ್ದಾರೆ. ಸಮಾಧಾನ ಆಗಿಲ್ಲ. "ಕಳ್ಳತನ ಮಾಡಿದ್ದು ಅವರು, ಸರಿ. ನೋಡ್ದೇ ಇದ್ದದ್ದು ಯಾರು? ದಾಕ್ಷಿಣ್ಯಕ್ಕೆ ಬಸುರಾದೆ. ಹೆರೋ ಕಷ್ಟ ಮಾತ್ರ ಅವರ ಹೆಗಲಿಗೆ ಹೋಯ್ತು." ಲೆಬರಾನ್ ಹಬ್ಬದಂದು ವಿನಾರ್ಸಿ ಎಲ್ಲರ ಮನೆಗೂ ಹೋಗಿ ಕ್ಷಮೆ ಕೇಳುತ್ತಾರೆ. ಪಾಕ್ ಮಿನ್ ಮನೆಯ ಗಲ್ಲಿಯವರೆಗೂ ಎರಡು ಸಲ ಹೋಗಿದ್ದಾರೆ. ಒಂದು ಸಲ ಬಾಗಿಲ ಮುಂದೆ ಬೈಕು ನಿಲ್ಲಿಸಿ, ತೆರೆದ ಬಾಗಿಲಿನಿಂದ ಮಕ್ಕಳು ಮರಿ ನಗುವುದು ಕೇಳಿ, ಹಾಗೇ ತಿರುಗಿಸಿಕೊಂಡು ಬಂದರಂತೆ.

*

ಬೆಳಕು ಹರಿದಿದೆ. ಗೋದಾಮಿನ ಒಡತಿ ಚಿ ಗಿಯೋಕ್ ಸ್ವತಃ ಬೀಗದ ಕೈ ಹಿಡಿದು ಬಂದಿದ್ದಾರೆ. ಅರವತ್ತು ದಾಟಿದ ಚೀನೀ ಹೆಂಗಸು, ಕೈಯಲ್ಲಿ ಹಸಿರು ಕಲ್ಲಿನ ಬಳೆ, ಬಾಯಿಗೆ ಬೀಗವಿಲ್ಲ. ಊರಿಗೆಲ್ಲ ಅವರು "ಚಿ", ಎಂದರೆ ಅಕ್ಕ. ಉಪವಾಸ ಅವರಿಗಿಲ್ಲ. ಆದರೂ ಹಮಾಲರ ಎದುರು ಈ ತಿಂಗಳು ಅವರು ನೀರನ್ನೂ ಕುಡಿಯುವುದಿಲ್ಲ. ಆಡಿಟರನ್ನು ಅವರು ಬದಲಿಸಿದ್ದು ಜನವರಿಯಲ್ಲಿ, ಲೆಕ್ಕ ಡಿಸೆಂಬರಿನದು. ಈಗ ಎಣಿಸಿ, ನಡುವೆ ಬಂದದ್ದು ಹೋದದ್ದನ್ನು ಕೂಡಿ ಕಳೆದು ಹಿಂದಕ್ಕೆ ಹೋಗಬೇಕು. ಗೋದಾಮಿನಲ್ಲಿ ಐದು ಅಟ್ಟಿಗಳಿವೆ. ಮೂರರ ನಡುವನ್ನು ತೆಗೆಸಿ ನೋಡಬೇಕೆಂದು ವಿನಾರ್ಸಿ ಮನೆಯಿಂದಲೇ ನಿಶ್ಚಯಿಸಿಕೊಂಡು ಬಂದಿದ್ದಾರೆ.

ಮೊದಲನೆಯ ಅಟ್ಟಿಯ ಮುಂದೆ ನಿಂತು ಅವರು ಉಸಿರು ತೆಗೆದುಕೊಳ್ಳುತ್ತಾರೆ. ಪಾಕ್ ಮಿನ್ ಪಕ್ಕದಲ್ಲೇ ಇದ್ದಾರೆ. ವಿನಾರ್ಸಿ ಹೇಳಿದ್ದು ಅವರಿಗಲ್ಲ, ನೆಲಕ್ಕೆ. "ಈ ಕಡೆಯಿಂದ ಮೂರನೇ ಸಾಲು. ಮೇಲಿನಿಂದ ಇಳಿಸಿ, ನಡುವೆ ದಾರಿ ಮಾಡಿ."

"ಬು ವಿನ್, ಒಳಗೆ ನನ್ನ ಗಂಡನ್ನ ಬಚ್ಚಿಟ್ಟಿದೀನಿ ಅಂತ ಅನುಮಾನವಾ?" ಚಿ ಗಿಯೋಕ್ ಸೊಂಟದ ಮೇಲೆ ಕೈಯಿಟ್ಟಿದ್ದಾರೆ. "ಅವನು ಸತ್ತು ಆರು ವರ್ಷ ಆಯ್ತು. ಸಿಕ್ಕಿದ್ರೆ ನೀವೇ ಇಟ್ಕೊಳ್ಳಿ."

ಹಮಾಲರು ನಗುತ್ತಾರೆ. ನಗುತ್ತಲೇ ಒಬ್ಬರ ಬೆನ್ನಿಗೊಬ್ಬರು ಮೂಟೆ ದಾಟಿಸುತ್ತಾರೆ. ಗೋದಾಮು ತುಂಬ ಲವಂಗದ ಧೂಳು, ಕಣ್ಣು ಉರಿ. ವಿನಾರ್ಸಿ ಏಣಿ ಹತ್ತಿ, ಅಟ್ಟಿಯೊಳಕ್ಕೆ ಇಳಿದು, ತಾವೇ ಆರಿಸಿದ ಮೂಟೆಗೆ ಚೂಪು ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಕಾಳನ್ನು ಮೂಸಿ, ಉಗುರಿನಿಂದ ಒತ್ತಿ ನೋಡುತ್ತಾರೆ. ಎಣ್ಣೆ ಜಿನುಗುತ್ತದೆ. ಒಳ್ಳೆಯ ಲವಂಗ. ಒಳಗೆಲ್ಲ ಭರ್ತಿ ಮೂಟೆ. ಎರಡನೆಯ ಅಟ್ಟಿಯೂ ಹಾಗೆಯೇ ಭರ್ತಿ.

ಹೊತ್ತು ನೆತ್ತಿಗೆ ಬರುತ್ತಿದೆ. ತಗಡಿನ ಮಾಡು ಕಾದು, ಒಳಗೆ ಕುದಿಯುತ್ತಿದೆ. ಹಮಾಲರು ಗೋಡೆಗೆ ಒರಗಿ ಕೂತಿದ್ದಾರೆ. ಪಾಕ್ ಮಿನ್ ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಿದ್ದಾರೆ. ಚಿ ಗಿಯೋಕ್ ಮುಖದಲ್ಲಿ ತಮಾಷೆ ಉಳಿದಿಲ್ಲ.

"ಆಯ್ತಲ್ಲ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರ ಥರ ನಾನೇನಾದ್ರೂ ಇದೀನಾ? ನಮ್ಮಪ್ಪನ ಕಾಲದಿಂದ ಈ ವ್ಯಾಪಾರ. ಉಪವಾಸದ ಜನರನ್ನ ಯಾಕಿಷ್ಟು ಗೋಳು ಹುಯ್ಕೊಳ್ತೀರಿ?"

ಮೂರನೆಯದು ಹಿಂದಿನ ಗೋಡೆಗೆ ಅಂಟಿದ ಅಟ್ಟಿ. ಎಲ್ಲಕ್ಕಿಂತ ಎತ್ತರದ್ದು. ಅದರ ನಡುವಿಗೆ ಹೋಗಬೇಕಾದರೆ ಎದುರಿನ ಸಾಲನ್ನೆಲ್ಲ ತಳದವರೆಗೆ ಇಳಿಸಬೇಕು. ವಿನಾರ್ಸಿ ಸೀಮೆಸುಣ್ಣವನ್ನು ಬೆರಳಿನಲ್ಲಿ ಉರುಳಿಸುತ್ತಾ ನಿಂತಿದ್ದಾರೆ. ಎರಡು ನೋಡಿದ್ದಾಯಿತು, ಎರಡೂ ಸರಿಯಿವೆ, ಒಡತಿ ಪ್ರಾಮಾಣಿಕಳೆಂದು ಕಾಣುತ್ತದೆ. ಎರಡು ಸಾಕಾಯಿತೆಂದು ಬರೆದರೆ ಯಾವ ವಿಚಾರಣೆಯೂ ತಪ್ಪು ಹಿಡಿಯಲಾರದು. ಎದುರಿಗೆ ಅದೇ ಮುದುಕರು, ಅದೇ ಒಡೆದ ತುಟಿ. ಇವರ ಜೀವನ ಹಾಳು ಮಾಡಿದ್ದು ಸಾಲದು, ಈಗ ಬೆನ್ನನ್ನೂ ಮುರಿಯಬೇಕೇ ಎಂದು ಅವರಿಗೆ ಅನ್ನಿಸುತ್ತಿದೆ. ಸೀಮೆಸುಣ್ಣ ಮತ್ತೆ ಚೀಲಕ್ಕೆ ಹೋಗುತ್ತದೆ.

"ಬು" ಎನ್ನುತ್ತಾರೆ ಪಾಕ್ ಮಿನ್, ಕೂತಲ್ಲಿಂದಲೇ. "ಆ ಗೋಡೆಯ ಅಟ್ಟಿ ನೋಡಲ್ವಾ?"

ವಿನಾರ್ಸಿ ಅವರ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಬೆಳಗಿನಿಂದ ಮೊದಲ ಬಾರಿಗೆ ಮುಖ ನೋಡುತ್ತಾರೆ. "ನಿಮಗೆಲ್ಲ ಸುಸ್ತಾಗಿದೆ ಪಾಕ್. ಉಪವಾಸ ಬೇರೆ."

"ಅವತ್ತೂ ಹಿಂಗೇ ಬಿಟ್ರಿ."

ಗೋಡೆಗೆ ಒರಗಿದವರೆಲ್ಲ ಇತ್ತ ತಿರುಗುತ್ತಾರೆ. ಪಾಕ್ ಮಿನ್ ಧ್ವನಿಯಲ್ಲಿ ಸಿಟ್ಟಿಲ್ಲ. ಹೊರೆ ಇಳಿಸುವವರ ಹಾಗೆ ನಿಧಾನವಾಗಿ, ಒಂದೊಂದೇ ಮಾತು ಇಳಿಸುತ್ತಾರೆ.

"ಆ ಅಟ್ಟಿ ಒಟ್ಟಿದ್ದು ನಾವೇ ಬು. ಲವಂಗಕ್ಕೆ ಗಾಳಿ ಆಡ್ಬೇಕು, ನಡುವೆ ಜಾಗ ಬಿಡಿ ಅಂದ್ರು ಹಾಜಿ. ಬಿಟ್ವಿ. ಗಾಳಿಗೆ ಅಷ್ಟು ದೊಡ್ಡ ಮನೆ ಬೇಕಾ? ಬಾಗಿಲಿಲ್ಲದ ಮನೆ ಕಟ್ಟಿದ್ವಿ ಒಳಗೆ. ಬಾಯಿ ಬಿಟ್ರೆ ಕೂಲಿ ಇಲ್ಲ ಅಂದಿದ್ರು. ನಮ್ಮ ಬಾಯಲ್ಲಿ ಹೇಳೋ ಹಾಗಿರಲಿಲ್ಲ. ಕೈಯಲ್ಲಿ ತೋರಿಸಬಹುದಿತ್ತು. ನೀವು ತೆಗೀರಿ ಅಂದಿದ್ರೆ ಸಾಕಿತ್ತು, ತೆಗೀತಿದ್ವಿ. ನಾನು ಏಳೋಕೆ ಹೊರಟಿದ್ದೆ, ನೆನಪಿದೆಯಾ?"

ವಿನಾರ್ಸಿ ತಲೆಯಾಡಿಸುತ್ತಾರೆ. ಹತ್ತು ವರ್ಷ ಆ ನೋಟಕ್ಕೆ ಅವರು ಕೊಟ್ಟುಕೊಂಡಿದ್ದ ಅರ್ಥ ಬೇರೆಯೇ ಆಗಿತ್ತು.

"ಇನ್ನೊಂದಿದೆ. ಅದನ್ನೂ ಹೇಳಿಬಿಡ್ತೀನಿ, ಹೊಟ್ಟೇಲಿ ಇಟ್ಕೊಂಡು ಸಾಕಾಗಿದೆ. ಆ ಹಬ್ಬ ಕಳೆದ ಮೇಲೆ ಸಂಘದಿಂದ ದುಡ್ಡು ವಾಪಸ್ ತಗೊಳ್ಳೋಣ ಅಂತ ಎಲ್ಲರೂ ಮಾತಾಡ್ಕೊಂಡಿದ್ವಿ. ಒಳಗೆ ಖಾಲಿ ಅಂತ ಗೊತ್ತಿತ್ತಲ್ಲ. ಆಮೇಲೆ ನಿಮ್ಮ ಕಾಗದ ಬಂತು. ಕಚೇರಿ ಗೋಡೆಗೆ ಅಂಟಿಸಿದ್ರು. ಆಡಿಟರು ನೋಡಿದಾರೆ, ಸರಿ ಇದೆ ಅಂದಿದಾರೆ. ಓದಿದವರು, ನಮಗೆ ತಿಳೀದೇ ಇರೋದು ಅವರಿಗೆ ಏನೋ ತಿಳಿದಿರಬೇಕು ಅಂದ್ಕೊಂಡ್ವಿ. ದುಡ್ಡು ಅಲ್ಲೇ ಬಿಟ್ವಿ. ನಮ್ಮ ಕೈಯನ್ನ ನಾವು ನಂಬಲಿಲ್ಲ ಬು. ನಿಮ್ಮ ಕಾಗದ ನಂಬಿದ್ವಿ."

ವಿನಾರ್ಸಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚುತ್ತದೆ. ತನ್ನಿಂದ ಇವರ ಹಣ ಹೋಯಿತು ಎಂಬುದು ಅವರಿಗೆ ಗೊತ್ತಿದ್ದ ನಾಚಿಕೆ. ಉಳಿಯಬಹುದಾಗಿದ್ದ ಹಣವನ್ನು ತನ್ನ ಒಂದು ಕಾಗದವೇ ಅಲ್ಲಿ ಹಿಡಿದು ನಿಲ್ಲಿಸಿತು ಎಂಬುದು ಇವತ್ತಿನ ನಾಚಿಕೆ. ಆ ಕಾಗದವನ್ನು ಬ್ಯಾಂಕಿನವರು ಓದುತ್ತಾರೆಂದು ಗೊತ್ತಿತ್ತು. ಮೂಟೆ ಹೊರುವವರು ಗೋಡೆಯ ಮುಂದೆ ನಿಂತು ಓದುತ್ತಾರೆಂದು, ಓದಿ ತಮ್ಮ ಅನುಮಾನವನ್ನೇ ಮಡಿಸಿ ಇಡುತ್ತಾರೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ.

"ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ, ಪಾಕ್" ಎನ್ನುತ್ತಾರೆ.

"ಕೆಲಸದ ಹೊತ್ತಲ್ಲಿ ಕ್ಷಮೆ ಯಾರು ಕೇಳ್ತಾರೆ? ಅದಕ್ಕೆ ಹಬ್ಬ ಇದೆ." ಪಾಕ್ ಮಿನ್ ಗೋಡೆ ಹಿಡಿದು ಏಳುತ್ತಾರೆ. ಮಂಡಿ ಸದ್ದು ಮಾಡುತ್ತದೆ. "ನನಗೆ ಸುಸ್ತಾಗಿದೆಯಾ ಇಲ್ವಾ ಅಂತ ನಾನು ಹೇಳ್ತೀನಿ. ನೀವು ಕೇಳೋದನ್ನ ಕೇಳಿ."

ವಿನಾರ್ಸಿ ಎದ್ದು, ಚೀಲದಿಂದ ಸೀಮೆಸುಣ್ಣ ತೆಗೆದು, ಗೋಡೆಯ ಅಟ್ಟಿಯ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಕಿವಿ ಈಗಲೂ ಬಿಸಿಯಾಗಿದೆ. ಈ ಸಲ ನೆಲ ನೋಡದೆ ಹೇಳುತ್ತಾರೆ. "ಇದನ್ನ ತೆಗೀರಿ, ಪಾಕ್. ತಳದವರೆಗೆ."

*

ನಡುವಿನ ಮೂಟೆಗಳು ಇದ್ದವು. ಖಾಲಿಯಿರಲಿಲ್ಲ, ಕಳ್ಳತನವಿರಲಿಲ್ಲ. ತಳದ ಎರಡು ಸಾಲು ಮಾತ್ರ ಕಪ್ಪಾಗಿ ಕೊಳೆತಿತ್ತು. ಗೋಡೆಯ ಬುಡದ ಬಿರುಕಿನಿಂದ ಸಮುದ್ರದ ನೀರು ದಿನವೂ ನಸುಕಿನಲ್ಲಿ ಒಳಗೆ ಬಂದು, ಮರದ ಹಲಗೆಯ ಕೆಳಗೆ ನಿಂತು, ಬಿಸಿಲೇರುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಹೊರಗಿನ ಸಾಲು ಆಗಾಗ ಮಾರಾಟವಾಗಿ ಬದಲಾಗುತ್ತಿದ್ದುದರಿಂದ ಯಾರಿಗೂ ಕಂಡಿರಲಿಲ್ಲ. ಕೊಳವೆ ಚುಚ್ಚಿದರೆ ಅಂಗೈಗೆ ಬಿದ್ದದ್ದು ಕೆಸರಿನಂಥ ಬೂಷ್ಟು.

ಚಿ ಗಿಯೋಕ್ ಒಂದು ಮೂಟೆಯ ಮೇಲೆ ಕುಸಿದು ಕೂರುತ್ತಾರೆ. ಬಾಯಿಗೆ ಬೀಗವಿಲ್ಲದವರ ಬಾಯಿಂದ ಬರುವುದು "ಅಯ್ಯೋ" ಎಂಬುದೊಂದೇ. ಆಮೇಲೆ ಮೆಲ್ಲಗೆ ವಿನಾರ್ಸಿಯ ತೋಳು ಹಿಡಿಯುತ್ತಾರೆ. "ಬು ವಿನ್, ಇದೊಂದನ್ನ ಈ ವರ್ಷ ಬಿಟ್ಟುಬಿಡೋಣ. ಬ್ಯಾಂಕಿನವರು ಸಾಲ ಕಡಿಮೆ ಮಾಡಿಬಿಡ್ತಾರೆ. ಮುಂದಿನ ವರ್ಷ ಸ್ವಲ್ಪ ಸ್ವಲ್ಪವಾಗಿ ಬರ್ಕೊಳ್ತೀನಿ. ನಾನೇನು ಕದ್ದಿಲ್ಲವಲ್ಲ."

"ನೀವು ಕದ್ದಿಲ್ಲ ಅಂತ ನನಗೆ ಗೊತ್ತು, ಚಿ. ಆದ್ರೆ ಈ ಲವಂಗ ಇಲ್ಲ. ಇಲ್ಲದ್ದು ಇದೆ ಅಂತ ಕಾಗದದಲ್ಲಿ ಇರಬಾರದು. ಲೆಕ್ಕ ನಿಮ್ಮದು, ನೀವೇ ತಿದ್ದಿ. ತಿದ್ದದಿದ್ರೆ ತಿದ್ದಿಲ್ಲ ಅಂತ ನಾವು ಬರೀಬೇಕಾಗತ್ತೆ."

"ಎಷ್ಟು ಗಟ್ಟಿ ಮನಸ್ಸು ನಿಮ್ಮದು."

"ಗಟ್ಟಿ ಇಲ್ಲ, ಚಿ. ನಿಮ್ಮ ಮುಖ ನೋಡೋಕೂ ಆಗ್ತಿಲ್ಲ ನನಗೆ."

ಚಿ ಗಿಯೋಕ್ ಬಗ್ಗಿ ಗೋಡೆಯ ಬಿರುಕಿಗೆ ಬೆರಳು ತೂರಿಸಿ ನೋಡುತ್ತಾರೆ. ಆಮೇಲೆ ಬಳೆ ತಿರುಗಿಸಿಕೊಳ್ಳುತ್ತಾ, "ಬರೀರಿ" ಎನ್ನುತ್ತಾರೆ. "ಇನ್ನೊಂದು ಮಳೆಗಾಲ ಹೋಗಿದ್ರೆ ಮೇಲಿನ ಸಾಲೂ ಕೊಳೀತಿತ್ತು. ನಮ್ಮಪ್ಪ ಇದ್ದಿದ್ರೆ ನಿಮಗಲ್ಲ, ನನಗೆ ಬಾರಿಸ್ತಿದ್ದ." ಇಳಿಸಿದ್ದಕ್ಕೂ ಮತ್ತೆ ಒಟ್ಟುವುದಕ್ಕೂ ಹಮಾಲರಿಗೆ ಬೇರೆ ಕೂಲಿ ಕೊಡುವಂತೆ ಗುಮಾಸ್ತನಿಗೆ ಕೂಗಿ ಹೇಳುತ್ತಾರೆ.

ವಿನಾರ್ಸಿ ಬೂಟು ಕಳಚಿ, ಒಳಗೆ ಸೇರಿದ ಲವಂಗದ ಧೂಳನ್ನು ಕೊಡವುತ್ತಿದ್ದಾರೆ. ಇಷ್ಟು ವರ್ಷದ ಮೇಲೆ ಏನು ಬೇಕು ಎಂದು ಕೇಳಿದರೆ ಯೋಚಿಸಿ ಉತ್ತರಿಸುತ್ತಾರೆ. ಪರೀಕ್ಷೆ ಬರೆಯುವ ಆಸೆ ಇಲ್ಲ. ವರದಿಯಲ್ಲಿ ಹೆಸರು ಬರುವ ಆಸೆಯೂ ಇಲ್ಲ. "ನಾಚಿಕೆ ಹೋಗಲಿ ಅಂತಾನೂ ಕೇಳಲ್ಲ. ಅದಿದ್ರೇನೇ ಒಳ್ಳೇದು, ಎಚ್ಚರ ಇರತ್ತೆ. ಈ ಲೆಬರಾನ್‌ಗೆ ಒಂದು ಮನೆಗೆ ಹೋಗಬೇಕು, ಅಷ್ಟು ಧೈರ್ಯ ಬಂದ್ರೆ ಸಾಕು."

ಮೂಟೆ ಹೊರುವ ಬಟ್ಟೆಯಿಂದ ಕತ್ತು ಒರೆಸಿಕೊಳ್ಳುತ್ತಿದ್ದ ಪಾಕ್ ಮಿನ್‌ಗೆ ಅದು ಕೇಳಿಸಿದೆ.

"ಎರಡು ಸಲ ಗಲ್ಲಿವರೆಗೆ ಬಂದು ಹೋದ್ರಲ್ಲ, ನನ್ನ ಹೆಂಡತಿ ನೋಡಿದಾಳೆ" ಎನ್ನುತ್ತಾರೆ. ಹಮಾಲರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಾರೆ. ವಿನಾರ್ಸಿ ಬೂಟು ಹಿಡಿದುಕೊಂಡೇ ತಲೆ ತಗ್ಗಿಸುತ್ತಾರೆ.

"ಈ ಸಲ ಬನ್ನಿ ಬು. ಆದ್ರೆ ಹೊರಗಿಂದಲೇ ನೋಡಿ ಹೋಗಬೇಡಿ. ಒಳಗೆ ಬನ್ನಿ."